ಟಾವೆಲ್ಲಿನ ಕೆಳಗಿನ ದರ

ಎಂ.ಎ. ಎರಡನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಅಕ್ಕಲಕೋಟದ ದನದ ಸಂತೆ. ಯಾರೂ ಒತ್ತಾಯ ಮಾಡಿರಲಿಲ್ಲ. ಜೊತೆಯ ಹುಡುಗರು ಮಿಲ್ಲು, ಬ್ಯಾಂಕು, ಸಹಕಾರಿ ಸಂಘ ಎಂದು ಸೋಲಾಪುರ ಬಿಡದೆ ಮುಗಿಸಬಹುದಾದ ವಿಷಯಗಳನ್ನು ಹಿಡಿದಿದ್ದರು. ನನಗೆ ಅವೆಲ್ಲ ಸಪ್ಪೆ ಅನ್ನಿಸಿದವು. ಸೊಕ್ಕು ಅಂತಲೇ ಅನ್ನಿ.

ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಬೆಲೆ ಹುಟ್ಟುವುದು ಬಯಲಲ್ಲಿ, ಎಲ್ಲರ ಕಣ್ಣೆದುರಿಗೆ. ಅಕ್ಕಲಕೋಟದ ಸಂತೆಯಲ್ಲಿ ಅದು ಟಾವೆಲ್ಲಿನ ಕೆಳಗೆ ಹುಟ್ಟುತ್ತಿತ್ತು. ದಲ್ಲಾಳಿ ಹೆಗಲ ಮೇಲಿನ ಟಾವೆಲ್ ತೆಗೆದು ಬಲಗೈ ಮೇಲೆ ಹೊದಿಸಿಕೊಳ್ಳುತ್ತಿದ್ದ. ಕೊಳ್ಳುವವನು ಅದರೊಳಗೆ ಕೈ ಹಾಕಿ ಅವನ ಬೆರಳು ಹಿಡಿಯಬೇಕು. ಹಿಡಿದ ಬೆರಳೆಷ್ಟೋ ಅಷ್ಟು ನೂರು. ಬಿಟ್ಟು ಮತ್ತೆ ಹಿಡಿದರೆ ಅಷ್ಟು ಹತ್ತು. ಆಮೇಲೆ ಅದೇ ಟಾವೆಲ್ಲು, ಅದೇ ಕೈ ಮಾರುವವನ ಹತ್ತಿರ ಹೋಗುತ್ತಿತ್ತು. ಒಪ್ಪದಿದ್ದರೆ ಅವನು ಕೈ ಹಿಂದಕ್ಕೆ ಎಳೆದುಕೊಳ್ಳಬೇಕು, ಒಪ್ಪಿದರೆ ಬಿಡದೆ ಹಿಡಿದಿರಬೇಕು. ಕೈಗಳು ಒಳಗೆ ಗುದ್ದಾಡುತ್ತಿರುವಾಗ ಬಾಯಿಗಳು ಮಗಳ ಮದುವೆ, ಮೊಣಕಾಲು ನೋವು ಎಂದು ತಣ್ಣಗೆ ಮಾತಾಡುತ್ತಿದ್ದವು.

ವ್ಯಾಪಾರ ಕುದುರಿದ ಮೇಲೆ ಆ ಅಂಕಿಯನ್ನು ಯಾರೂ ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಬಾಜಾರದ ಕಾರಕೂನ ಪಾವತಿ ಚೀಟಿ ಬರೆಯಲು ಕೇಳಿದಾಗ ಹೇಳುತ್ತಿದ್ದದ್ದು ಬೇರೆಯೇ ಒಂದು ಅಂಕಿ, ಯಾವಾಗಲೂ ಕಡಿಮೆಯದು. ಬಾಜಾರದ ಶುಲ್ಕ ಪಾವತಿಯ ಮೇಲೆ ತಾನೆ? ಕಾರಕೂನನಿಗೂ ಇದು ಗೊತ್ತಿತ್ತು. ಅವನು ಕಣ್ಣೆತ್ತಿಯೂ ನೋಡದೆ ಬರೆದುಕೊಳ್ಳುತ್ತಿದ್ದ.

ನನಗೆ ಧೈರ್ಯ ಇದ್ದದ್ದು ಒಂದೇ ಕಾರಣಕ್ಕೆ. ನಮ್ಮ ಅವ್ವನ ಅಣ್ಣ, ನಮ್ಮ ಮಾಮಾ, ಆ ಸಂತೆಯಲ್ಲಿ ಹಳೆಯ ದಲ್ಲಾಳಿ. ಅಪ್ಪನಿಗೆ ಸೋಲಾಪುರದಲ್ಲಿ ಚಾದರ, ಟಾವೆಲ್ಲುಗಳ ಅಂಗಡಿ. ಪ್ರತಿ ದೀಪಾವಳಿಗೆ ಮಾಮಾನಿಗೆ ನಮ್ಮ ಅಂಗಡಿಯದೇ ಒಂದು ದಪ್ಪ ಟಾವೆಲ್ಲು ಹೋಗುತ್ತಿತ್ತು. ಹೆಗಲ ಮೇಲಿನ ತೆಳು ವಲ್ಲಿಬಟ್ಟೆಯಾದರೆ ಬೆರಳಾಟ ಹೊರಗೆ ಕಾಣುತ್ತದೆ ಎಂದು ಅವನಿಗೆ ಸೋಲಾಪುರದ ದಪ್ಪನೆಯದೇ ಬೇಕು. ಟಾವೆಲ್ಲು ನಮ್ಮದು, ಮಾಮಾ ನಮ್ಮವನು, ಅಂದಮೇಲೆ ಅದರ ಕೆಳಗಿನ ಅಂಕಿ ನನಗೆ ಸಿಗದೆ ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದೆ.

"ಕೇಳಬ್ಯಾಡ ಪೋರಿ," ಎಂದ ಮಾಮಾ ಮೊದಲ ದಿನವೇ. "ಚಾ ಕೇಳು, ಊಟ ಕೇಳು. ಅದೊಂದು ಕೇಳಬ್ಯಾಡ."

ಹಾಗಾಗಿ ಚಳಿಗಾಲವಿಡೀ ವಾರಕ್ಕೊಮ್ಮೆ ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ಹೋಗಿ ನಾನು ತಂದದ್ದು ಕಾರಕೂನನ ಪಾವತಿಯ ಅಂಕಿಗಳನ್ನು ಮಾತ್ರ. ಸಂತೆಯಲ್ಲಿ ನಾನು ಚಹದ ಅಂಗಡಿಯ ಮಗ್ಗುಲಿಗೆ ನಿಂತರೆ ಅಲ್ಲಿನ ಗಂಡಸರ ಮಾತು ನಿಂತುಹೋಗುತ್ತಿತ್ತು. ಎತ್ತುಗಳು ಮಾತ್ರ ನನ್ನನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಮೆಲುಕು ಹಾಕುತ್ತಿದ್ದವು.

ನನ್ನ ಗೈಡ್ ಪುಣೆ ಕಡೆಯವರು. ಅವರ ಮಾತೆಲ್ಲ ಮರಾಠಿ, ಸಿಟ್ಟು ಬಂದರೆ ದನಿ ಇನ್ನೂ ಮೆತ್ತಗಾಗುತ್ತಿತ್ತು. ಅವರದೊಂದು ಗಟ್ಟಿ ತರ್ಕವಿತ್ತು: ಮುಚ್ಚಿಟ್ಟ ಬೆಲೆ ಮಾರುವವನನ್ನು ಮುಳುಗಿಸುತ್ತದೆ. ದಲ್ಲಾಳಿ ಕೊಳ್ಳುವವನ ಹತ್ತಿರ ಒಂದು ಅಂಕಿ ಹಿಡಿದು ಮಾರುವವನಿಗೆ ಇನ್ನೊಂದು ಒತ್ತಿ ನಡುವಿನದನ್ನು ನುಂಗುತ್ತಾನೆ. ನಾನು ಅದನ್ನು ಸಾಧಿಸಿ ತೋರಿಸಬೇಕಿತ್ತು. ನನ್ನ ಪಾವತಿಯ ಅಂಕಿಗಳನ್ನು ನೋಡಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವೆಲ್ಲ ಕಾರಕೂನನ ಕಥೆಗಳು. ನಿಜವಾದ ಬೆಲೆ ತಂದುಕೊಡು. ಒಂದಾದರೂ ತಾ. ಇಲ್ಲದಿದ್ದರೆ ಫಸ್ಟ್ ಕ್ಲಾಸಿನ ಮಾತು ಬಿಡು."

ಫಸ್ಟ್ ಕ್ಲಾಸಿನ ಮಾತು ಬಿಡುವುದು ನನ್ನ ಕೈಯಲ್ಲಿರಲಿಲ್ಲ. ವಿಭಾಗದಲ್ಲಿ ಮುಂದಿನ ವರ್ಷಕ್ಕೆ ಒಂದು ಸಂಶೋಧನಾ ಸಹಾಯಕರ ಜಾಗ ಬರುವುದಿತ್ತು. ಫಸ್ಟ್ ಕ್ಲಾಸ್ ಬಂದರೆ ಅದು ನನ್ನದು ಎಂದು ಗೈಡ್ ಹೇಳಿದ್ದರು. ಅದು ಸಿಕ್ಕರೆ ಮುಂದೆ ಓದಲು ಅಡ್ಡಿಯಿಲ್ಲ ಎಂದು ಅಪ್ಪ, ಕಾಕಾಗಳು, ಅಜ್ಜಿ ಎಲ್ಲ ಸೇರಿ ತೀರ್ಮಾನಿಸಿದ್ದರು. ಸಿಗದಿದ್ದರೆ ಬೇಸಿಗೆಗೆ ಓದು ಮುಗಿಯಿತು. ಜಗಳವಿಲ್ಲ, ಬೈಗುಳವಿಲ್ಲ, ಮುಗಿಯಿತು ಅಷ್ಟೆ. ಆ ಜಾಗ ನನಗೆ ಎಷ್ಟು ಬೇಕಾಗಿತ್ತೆಂದರೆ, ಅಕ್ಕಲಕೋಟ ರಸ್ತೆಯ ಮಗ್ಗಗಳ ಸದ್ದು ವಾಪಸು ಬಸ್ಸಿನ ಕಿಟಕಿಯಲ್ಲಿ ಕೇಳಿದಾಗಲೆಲ್ಲ ಈ ವಾರವೂ ಬರಿಗೈ ಎಂದು ತಂದ ಅಂಕಿಗಳನ್ನು ಮತ್ತೆ ಎಣಿಸುತ್ತಿದ್ದೆ.

ಆ ಹೆಂಗಸು ಸಂತೆಗೆ ಬಂದದ್ದು ಬಿಸಿಲು ಏರುವ ಕಾಲದಲ್ಲಿ. ಹತ್ತಿರದ ಹಳ್ಳಿಯವಳು, ಗಂಡ ತೀರಿಕೊಂಡು ವರ್ಷವಾಗಿತ್ತು. ಜೊತೆಗೆ ಒಂದು ಬಿಳಿ ಎತ್ತು ಮತ್ತು ಮೈದುನ. ಮೈದುನ ಸೋಲಾಪುರದಲ್ಲಿ ಮಿಲ್ಲಿಗೆ ಹೋಗುವವನು, ಟೆರಿಲಿನ್ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಹೆಂಗಸರು ಮಾರಲು ಬಂದರೆ ಹಗ್ಗ ಹಿಡಿದು ಬೇವಿನ ನೆರಳಲ್ಲಿ ಕೂರುವುದು, ಟಾವೆಲ್ಲಿನೊಳಗೆ ಕೈ ಹಾಕುವುದು ಮನೆಯ ಗಂಡಸು. ಪರಗಂಡಸಿನ ಕೈ ಹಿಡಿಯಲು ಬರುವುದಿಲ್ಲವಲ್ಲ. ಅಲ್ಲಿ ಎಷ್ಟು ದರ ಬಂತು ಎಂಬುದು ಆಮೇಲೆ ಆ ಗಂಡಸು ಹೇಳಿದಷ್ಟೇ.

ಮಾಮಾ ಟಾವೆಲ್ ತೆಗೆದ. ಮೈದುನ ತೋಳು ಮಡಿಚಿದ. ಆಗ ಅವಳು ಎದ್ದು ನಿಂತು ನನ್ನ ಕಡೆ ಬೆರಳು ಮಾಡಿದಳು.

"ಈಕಿ ನಿಮಗ ಏನಾಗಬೇಕ್ರಿ?"

"ನಮ್ಮ ತಂಗಿ ಮಗಳು," ಎಂದ ಮಾಮಾ.

"ಹಂಗಾದ್ರ ಮಾಮಾನ ಕೈ ಹಿಡೀಲಿಕ್ಕೆ ಈಕಿಗೇನು ಅಡ್ಡಿ ಇಲ್ಲ. ನನ್ನ ಕೈ ಈಕೀದು."

ಸುತ್ತಲಿನವರು ನಕ್ಕರು. ಮೈದುನ ನಗಲಿಲ್ಲ. "ವೈನಿ, ನಾ ಇಲ್ಲೇ ನಿಂತೀನಲ್ಲ. ಊರ ಮಂದಿ ಏನಂದಾರು?"

"ಎತ್ತು ನನ್ನ ತವರಿಂದು. ಕೈ ನಾ ಹೇಳಿದವರದು. ಅದರಾಗ ಮಂದೀದು ಏನದ?"

ಮಾಮಾ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಂಥ ಸಿಟ್ಟನ್ನು ಅವನ ಮುಖದಲ್ಲಿ ನಾನು ಕಂಡಿರಲಿಲ್ಲ. ಆದರೆ ಮಾರುವವರು ಯಾರ ಕೈ ತೋರಿಸುತ್ತಾರೋ ಅದೇ ಕೈ. ಬೇಡ ಎನ್ನುವ ಹಕ್ಕು ದಲ್ಲಾಳಿಗಿಲ್ಲ. ಅವಳು ನನ್ನ ರಟ್ಟೆ ಹಿಡಿದು ಎತ್ತಿನ ಮರೆಗೆ ಕರೆದೊಯ್ದಳು. ಕಿವಿಯಲ್ಲಿ ಒಂದು ಅಂಕಿ ಹೇಳಿದಳು.

"ಇದಕ್ಕಿಂತ ಕೆಳಗ ಬಂದ್ರ ಕೈ ಕಿತ್ತಕೋ ತಂಗಿ. ಮೈದುನಗ ತಿಳಿಯೂದು ಪಾವತ್ಯಾಗಿಂದು. ಅದು ಮನೀಗೆ ಹೋಗತದ, ಹೋಗಲಿ. ಮ್ಯಾಲಿಂದು ಎಮ್ಮಿ ಆಗತದ. ನಮ್ಮಕ್ಕನ ಮನ್ಯಾಗ ಕಟ್ಟತೀನಿ. ಹಾಲಿಂದು ನನಗ, ನನ್ನ ಮಗಳಿಗೆ."

ನನ್ನ ತಲೆಯೊಳಗೆ ಏನೋ ತಿರುಗಿಬಿತ್ತು. ಇಷ್ಟು ದಿನ ಟಾವೆಲ್ಲನ್ನು ಮಾರುವವನ ಕಣ್ಣಿಗೆ ಕಟ್ಟಿದ ಬಟ್ಟೆ ಎಂದು ನಾನೂ ಗೈಡರೂ ನಂಬಿದ್ದೆವು. ಇವಳು ಅದನ್ನು ಬೇಕೆಂದೇ ಹೊದ್ದುಕೊಳ್ಳಲು ಬಂದಿದ್ದಳು.

ಕೈ ಹಾಕುವ ಮೊದಲು ಮಾಮಾ ಹಲ್ಲುಕಚ್ಚಿ ಹೇಳಿದ: "ಈಗ ನೀ ಬರೀಲಿಕ್ಕೆ ಬಂದಾಕಿ ಅಲ್ಲ. ಆಕಿ ಕೈ. ಕೈ ಮಾತಾಡಂಗಿಲ್ಲ, ತಿಳೀತೇನು?"

"ತಿಳೀತು."

ಟಾವೆಲ್ಲಿನ ಕೆಳಗೆ ಕುದಿಯುವಷ್ಟು ಸೆಕೆ. ಮಾಮಾನ ಕೈ ಒರಟು, ಬೆವರಿಗೆ ಜಾರುತ್ತಿತ್ತು. ಆಚೆ ತುದಿಯಲ್ಲಿ ಕೊಳ್ಳುವವನು, ದೊಡ್ಡ ಹೊಲದ ಮನುಷ್ಯ, ಬೀಡಿ ಸೇದುತ್ತ ಕೂತಿದ್ದ. ಮಾಮಾ ಅವನ ಹತ್ತಿರ ಹೋಗಿ ಬಂದು ನನ್ನ ಬೆರಳು ಒತ್ತಿದ. ಬಾಯಲ್ಲಿ, "ನಿಮ್ಮಪ್ಪಗ ಈ ಸಲ ಟಾವೆಲ್ಲಿನ ದಡಿ ಬಣ್ಣ ಬಿಟ್ಟದ ಅಂತ ಹೇಳು," ಎಂದ. ನಾನು ಕೈ ಎಳೆದುಕೊಂಡೆ. ಮತ್ತೆ ಹೋಗಿ ಬಂದ. "ಅವ್ವನ ಬಿ.ಪಿ. ಹೆಂಗದ?" ಮತ್ತೆ ಎಳೆದುಕೊಂಡೆ. ಮೈದುನ ನಮ್ಮ ಕೈಗಳ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದ. ಮುಖದಲ್ಲಿ ಅಂಕಿ ಓದಬಹುದೇನೋ ಎಂದು ನನಗೇ ಭಯವಾಗಿ ಎತ್ತಿನ ಕೊಂಬು ನೋಡುತ್ತ ನಿಂತೆ.

ಮೂರನೆಯ ಸಲ ಮಾಮಾ ಒತ್ತಿದಾಗ ನೂರರದು ತಿಳಿಯಿತು. ಹತ್ತರದು ತಿಳಿಯಲಿಲ್ಲ. ಬೆರಳು ಜಾರಿದ್ದವು. ಇನ್ನೊಮ್ಮೆ ಎಂದು ಬಾಯಿಬಿಟ್ಟು ಕೇಳುವಂತಿಲ್ಲ, ಬಿಡುವಂತಿಲ್ಲ, ಗೊತ್ತಿಲ್ಲದೆ ಹಿಡಿದಿರುವಂತೆಯೂ ಇಲ್ಲ. ನಾನು ಹೆಬ್ಬೆರಳಿನಿಂದ ಅವನ ಅಂಗೈ ಕೆರೆದೆ. ಮಾಮಾ ಮಾತು ನಿಲ್ಲಿಸದೆ ನಿಧಾನವಾಗಿ, ಬಾಲವಾಡಿಯ ಕೂಸಿಗೆ ಕಲಿಸುವ ಹಾಗೆ, ಮತ್ತೆ ಒತ್ತಿದ. ಅವಳು ಕಿವಿಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿಯೇ ಮೇಲಿತ್ತು. ಕೈ ಬಿಡಲಿಲ್ಲ.

ಟಾವೆಲ್ಲು ಸರಿಯಿತು. ಅವಳು ಎತ್ತಿನ ಕೊರಳಿನ ತನ್ನ ಹಗ್ಗ ಬಿಚ್ಚಿ ತೋಳಿಗೆ ಸುತ್ತಿಕೊಂಡಳು. ಹಗ್ಗ ಮಾರುವ ರೂಢಿಯಿಲ್ಲ. ಪಾವತಿಯಲ್ಲಿ ಬರೆಸಿದಷ್ಟು ಅಲ್ಲೇ, ಮೈದುನನ ಕಣ್ಣೆದುರು ಅವಳ ಕೈ ಸೇರಿತು. ಮೇಲಿನದು ಮಾಮಾನ ಹತ್ತಿರ ಉಳಿಯಿತು. ಅವಳ ಅಕ್ಕ ಬಂದಾಗ ಕೊಡುವುದೆಂದು ಮಾತು. ಮಾಮಾ ಸಾಧುವೇನಲ್ಲ. ಬೇರೆಯವರ ಟಾವೆಲ್ಲಿನ ಕೆಳಗೆ ಅವನು ನುಂಗಿದ್ದು ನನಗೆ ಗೊತ್ತಿಲ್ಲದೇ ಇಲ್ಲ. ಆದರೆ ಆ ದಿನ ಗೈಡರ ತರ್ಕದ 'ನಡುವಿನದು' ಕಳ್ಳತನವಾಗಿರಲಿಲ್ಲ, ಎಮ್ಮೆಯಾಗಲು ಕಾಯುತ್ತಿತ್ತು.

ವಾಪಸು ಬಸ್ಸಿನಲ್ಲಿ ಮೈದುನ ನನ್ನ ಹಿಂದಿನ ಸೀಟಿನಲ್ಲಿ ಕೂತ. ದಾರಿಯ ವಳಸಂಗ ಊರು ದಾಟಿದ ಮೇಲೆ ನನ್ನ ಸೀಟಿನ ಹಿಂಬದಿ ಹಿಡಿದುಕೊಂಡ.

"ಬಾಯಾರ," ಎಂದ ಕೊನೆಗೆ, ಬಹಳ ಮರ್ಯಾದೆಯಿಂದ. "ನೀವು ಕಲ್ತವರು, ಸುಳ್ಳು ಹೇಳಂಗಿಲ್ಲ. ಎಷ್ಟಕ್ಕ ಹೋತ್ರಿ ಎತ್ತು?"

"ಪಾವತಿ ನಿಮ್ಮ ಕಣ್ಣ ಮುಂದೇ ಬರೆದ್ರಲ್ಲ."

"ಅದು ಪಾವತಿ. ನಾ ಕೇಳೂದು ಎತ್ತಿಂದು." ಇನ್ನಷ್ಟು ಮುಂದಕ್ಕೆ ಬಾಗಿ, "ಆಗಲಿ. ನೀವು ಪುಸ್ತಕ ಬರೀಲಿಕತ್ತೀರಂತ. ಅದರಾಗ ಬರತದಲ್ಲ. ನಿಮ್ಮ ಕಾಲೇಜಿನ ಜವಾನ ನಮ್ಮ ಓಣಿಯಂವ," ಎಂದ.

ತೊಡೆಯ ಮೇಲಿನ ಚೀಲದೊಳಕ್ಕೆ ನೋಟ್‌ಬುಕ್ಕನ್ನು ತಳ್ಳಿದೆ. ನಾನು ತಿರುಗಿ ನೋಡಲಿಲ್ಲ.

ಗೈಡರಿಗೆ ನಡೆದದ್ದನ್ನೆಲ್ಲ ಹೇಳಿದೆ, ಅಂಕಿಯೊಂದನ್ನು ಬಿಟ್ಟು. ಅವರ ಕಣ್ಣು ಹೊಳೆದವು. ಒಂದು ನಿಜವಾದ ಬೆಲೆ, ಅದರ ಪಾವತಿ, ಎರಡರ ನಡುವಿನ ಅಂತರ, ಅದು ಹೋದ ದಾರಿ! ತಮ್ಮ ತರ್ಕ ತಲೆಕೆಳಗಾಗುವುದರ ಬಗ್ಗೆಯೂ ಅವರಿಗೆ ಬೇಸರವಿರಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವರದು. ಅಂಕಿ ಬರೆ ಎಂದರು. ಬರೆಯಲಾಗದು ಎಂದೆ.

"ಹೆಸರು ಹಾಕುವುದಿಲ್ಲವಲ್ಲ. ಯಾರಿಗೆ ಗೊತ್ತಾಗುತ್ತದೆ?"

"ಆ ಸಂತೆಗೆ ಬರುವ ಬಿಳಿ ಎತ್ತು, ಅದನ್ನು ಮಾರಿದ ವಿಧವೆ, ಕೈ ಹಾಕಿದ ಹುಡುಗಿ ಅಂದರೆ ಹೆಸರು ಯಾಕೆ ಬೇಕು ಸರ್?"

"ಹಾಗಾದರೆ ಆ ಅಧ್ಯಾಯಕ್ಕೆ ಕಾಲಿಲ್ಲ," ಎಂದರು ಮೆತ್ತಗೆ.

ಸುಳ್ಳು ಅಂಕಿಯೊಂದನ್ನು ಬರೆದುಬಿಡಬಹುದಿತ್ತು. ಮಾಮಾ ಆಗಿದ್ದರೆ ಎರಡು ಬಾರಿ ಯೋಚಿಸುತ್ತಿರಲಿಲ್ಲ, ಇಡೀ ಸಂತೆ ದಿನವೂ ಮಾಡುವ ಕೆಲಸ ಅದು. ಆದರೆ ಸುಳ್ಳು ಅಂಕಿ ಹಾಕಿ ಅದರ ಮೇಲೆ ತರ್ಕ ಕಟ್ಟಬಾರದು ಎಂದು ಅದೇ ಗೈಡರೇ ನನಗೆ ಕಲಿಸಿದ್ದರು, ನಾನು ಅದನ್ನು ಪೂರ್ತಿ ನಂಬಿದ್ದೆ. ನಿಜ ಹೇಳಕೂಡದೆಂದು ಒಬ್ಬರಿಗೆ ಮಾತು ಕೊಟ್ಟಿದ್ದೆ, ಸುಳ್ಳು ಬರೆಯಕೂಡದೆಂದು ಇನ್ನೊಬ್ಬರಿಂದ ಕಲಿತಿದ್ದೆ. ಇಬ್ಬರ ಮೇಲೂ ಸಿಟ್ಟು ಬಂತು. ಕೋಷ್ಟಕದಲ್ಲಿ ಆ ಎತ್ತಿನ ಬಣ್ಣ, ಹಲ್ಲು, ಪಾವತಿಯ ಬೆಲೆ ಎಲ್ಲ ಬರೆದು ನಿಜಬೆಲೆಯ ಮನೆಯನ್ನು ಖಾಲಿ ಬಿಟ್ಟೆ. ಕೆಳಗೆ, 'ತಿಳಿದಿದೆ, ಹೇಳುವಂತಿಲ್ಲ' ಎಂದು ಅಡಿಟಿಪ್ಪಣಿ. ವಿಧವೆಯ, ಎಮ್ಮೆಯ ಮಾತು ಎಲ್ಲೂ ಎತ್ತಲಿಲ್ಲ. ಗೈಡ್ ಅದನ್ನು ಓದಿ ಸಹಿ ಹಾಕಿದರು. "ವೈವಾದಲ್ಲಿ ನೀನೇ ಉತ್ತರ ಕೊಡು," ಎಂದರು.

ವೈವಾ ದಿನ ಸೆಕೆಗೆ ಬಾಗಿಲು ಕಿಟಕಿ ಎಲ್ಲ ತೆರೆದಿದ್ದರು. ಬೇರೆ ಊರಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ನಡುನಡುವೆ ಕೆಮ್ಮುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತು ಕಿಟಕಿಯ ಕಡೆ ನೋಡಿದೆ. ವರಾಂಡದಲ್ಲಿ, ನೀರಿನ ಗಡಿಗೆಯ ಪಕ್ಕದ ಬೆಂಚಿನ ಮೇಲೆ ಟೆರಿಲಿನ್ ಅಂಗಿ. ಮಿಲ್ಲಿನ ಪಾಳಿ ಮುಗಿಸಿ ನೇರ ಬಂದಿದ್ದ. ತಲೆಗೂದಲಲ್ಲಿ ಹತ್ತಿಯ ಎಳೆಗಳಿದ್ದವು.

ಮೊದಲಿನ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ, ಒಂದಕ್ಕೂ ತಡವರಿಸಲಿಲ್ಲ. ಆಮೇಲೆ ಅವರು ಆ ಪುಟ ತೆರೆದರು, ಮರಾಠಿಗೆ ಬಂದರು.

"ಈ ಖಾಲಿ ಮನೆ ಏನು?"

ಹೇಳಿದೆ. ಟಾವೆಲ್ಲಿನ ಕೆಳಗಿನ ಅಂಕಿಯನ್ನು ಹೊರಗೆ ಹೇಳುವಂತಿಲ್ಲ ಎಂದಷ್ಟೇ, ಆದಷ್ಟು ಸಣ್ಣ ದನಿಯಲ್ಲಿ ಹೇಳಿದೆ. ಅವರಿಗೆ ಕಿವಿ ಮಂದ. "ಗಟ್ಟಿಯಾಗಿ, ಗಟ್ಟಿಯಾಗಿ," ಎಂದರು. ಬೆಂಚಿನವನು ಎದ್ದು ನೀರು ಕುಡಿಯುವ ನೆಪದಲ್ಲಿ ಕಿಟಕಿಗೆ ಹತ್ತಿರವಾದ.

"ನಿನಗೆ ಬೆಲೆ ಗೊತ್ತು?"

"ಗೊತ್ತು ಸರ್."

"ಹಾಗಾದರೆ ಹೇಳು. ನಿನ್ನ ಇಡೀ ವಾದ ನಿಂತಿರುವುದು ಅದೊಂದರ ಮೇಲೆ."

ನನ್ನ ಕಣ್ಣು ಕಿಟಕಿಗೆ ಹೋಯಿತು. ಅವರು ಒಂದು ಹಾಳೆ ನನ್ನ ಕಡೆ ಸರಿಸಿದರು. "ಹೇಳಲು ಸಂಕೋಚವಾದರೆ ಬರೆ." ಗೈಡರ ಮುಖದಲ್ಲಿ ಆಸೆ ಕಂಡಿತು. "ಹೌದು, ಬರೆ. ತಿದ್ದಿದ ಪ್ರತಿಯಲ್ಲಿ ಕೋಷ್ಟಕಕ್ಕೆ ಸೇರಿಸಿ ಗ್ರಂಥಾಲಯಕ್ಕೆ ಕೊಡೋಣ," ಎಂದರು.

ಪೆನ್ನು ಹಿಡಿದೆ. ಸಹಾಯಕರ ಕೋಣೆಯ ಕಿಟಕಿ ಪಕ್ಕದ ಮೇಜು ಕಣ್ಣ ಮುಂದೆ ಬಂತು. ಅದರ ಮೇಲೆ ಯಾವ ಪುಸ್ತಕ ಎಲ್ಲಿಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ. ಒಂದು ಅಂಕಿ ಬರೆದರೆ ಅದು ನನ್ನದು. ಬೆರಳುಗಳಿಗೆ ಆ ಅಂಕಿ ಇನ್ನೂ ನೆನಪಿತ್ತು. ಹೊರಗೆ ಲೋಟ ಗಡಿಗೆಯ ಮುಚ್ಚಳದ ಮೇಲೆ ಕೂತ ಸದ್ದಾಯಿತು, ಆದರೆ ಹೆಜ್ಜೆಯ ಸದ್ದಾಗಲಿಲ್ಲ. ಪೆನ್ನು ಕೆಳಗಿಟ್ಟೆ.

"ಆಗುವುದಿಲ್ಲ ಸರ್."

"ಗೊತ್ತಿಲ್ಲವೋ, ಹೇಳುವುದಿಲ್ಲವೋ?"

"ಹೇಳುವುದಿಲ್ಲ."

ಅವರು ಕೆಮ್ಮಿ, ತಮ್ಮ ಹಾಳೆಯ ಮೇಲೆ ಏನೋ ಬರೆದು, ಅದನ್ನು ಬೋರಲು ಹಾಕಿದರು. "ನೀವು ಹೋಗಬಹುದು." ಗೈಡ್ ಕಿಟಕಿಯಾಚೆ ನೋಡುತ್ತಿದ್ದರು, ನನ್ನ ಕಡೆ ನೋಡಲಿಲ್ಲ.

ವರಾಂಡದಲ್ಲಿ ಮೈದುನ ಅಡ್ಡ ನಿಂತ.

"ಒಳಗ ಕೇಳಿದ್ರಲ್ಲ?"

"ಕೇಳಿದ್ರು."

"ಹೇಳಲಿಲ್ಲ ನೀವು." ಅವನು ಹುಬ್ಬು ಗಂಟಿಕ್ಕಿ ಲೆಕ್ಕ ಹಾಕಿದ. "ಪಾವತ್ಯಾಗಿಂದೇ ಇದ್ದಿದ್ರ ಅದನ್ನೇ ಹೇಳತಿದ್ರಿ. ಹೇಳಲಿಲ್ಲ ಅಂದ್ರ ಮ್ಯಾಲೆ ಇತ್ತು ಅಂತಾತು."

ಮೌನವೂ ಒಂದು ಸುದ್ದಿ ಎಂದು ನಾನು ಎರಡು ವರ್ಷ ಓದಿ ತಿಳಿದದ್ದನ್ನು ಇವನು ನೀರಿನ ಗಡಿಗೆಯ ಪಕ್ಕ ನಿಂತು ಕಂಡುಕೊಂಡಿದ್ದ. ನನಗೆ ಹೆದರಿಕೆಗಿಂತ ಸಿಟ್ಟೇ ಮೊದಲು ಬಂತು, ಅದೇ ಕಾಪಾಡಿತು.

"ಮ್ಯಾಲಿದ್ರೂ ಹೇಳಂಗಿಲ್ಲ, ಕೆಳಗಿದ್ರೂ ಹೇಳಂಗಿಲ್ಲ. ನಾಳೆ ನಿಮ್ಮ ಎತ್ತಿಗೆ ಕೈ ಹಾಕಿದ್ರ ನಿಮ್ಮದೂ ಹೇಳಂಗಿಲ್ಲ. ಹೇಳಬೇಕೇನು, ನಿಮ್ಮ ಮನೀಯವರಿಗೆ?"

ಅವನು ದಾರಿ ಬಿಟ್ಟು ಸರಿದ. ಯಾವುದೋ ಹಳೆಯ ವ್ಯಾಪಾರ ಅವನಿಗೂ ನೆನಪಾಗಿರಬೇಕು. ಎಷ್ಟು ಎಂದು ಗೊತ್ತಿಲ್ಲದ ದುಡ್ಡಿಗೆ ಪಂಚಾಯ್ತಿ ಕೂರಿಸಲು ಆಗುವುದಿಲ್ಲ. ತಲೆಯ ಹತ್ತಿ ಕೊಡವಿಕೊಂಡು ಮೆಟ್ಟಿಲಿಳಿದು ಹೋದ.

ಫಲಿತಾಂಶ ಬಂದಾಗ ಸೆಕೆಂಡ್ ಕ್ಲಾಸ್. ಉಳಿದ ಪೇಪರುಗಳಲ್ಲಿ ಏರಿದ್ದನ್ನೆಲ್ಲ ಪ್ರಬಂಧ ಮತ್ತು ವೈವಾ ಸೇರಿ ಕೆಳಗಿಳಿಸಿದ್ದವು. ಸಹಾಯಕರ ಜಾಗ ಬ್ಯಾಂಕುಗಳ ಬಗ್ಗೆ ಬರೆದ ಹುಡುಗನಿಗೆ ಹೋಯಿತು. ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಟಾವೆಲ್ಲಿನ ಗಂಟುಗಳ ನಡುವೆ ಕೂತು ಹೊಟ್ಟೆ ತುಂಬ ಅತ್ತೆ. ಮಾಡಿದ್ದು ಸರಿ ಎಂದು ಗೊತ್ತಿದ್ದರೆ ಅಳು ಕಡಿಮೆಯಾಗುತ್ತದೆ ಎಂಬುದು ಸುಳ್ಳು. ಮುಂದೆ ಓದಲಿಲ್ಲ. ಕೆಲವು ವರ್ಷಗಳ ಮೇಲೆ ಒಂದು ಜೂನಿಯರ್ ಕಾಲೇಜಿನಲ್ಲಿ ಬೇಡಿಕೆ, ಪೂರೈಕೆಯ ಗೆರೆಗಳನ್ನು ಕಪ್ಪುಹಲಗೆಯ ಮೇಲೆ ಎಳೆಯುವ ಕೆಲಸ ಸಿಕ್ಕಿತು, ಅದನ್ನೇ ಮಾಡಿದೆ. ಆ ಮೇಜು ಇವತ್ತಿಗೂ ಬೇಕಾಗಿತ್ತು ಅನ್ನಿಸುತ್ತದೆ.

ಫಲಿತಾಂಶದ ವಾರ ಅವ್ವ ನನ್ನನ್ನು ಅಕ್ಕಲಕೋಟಕ್ಕೆ ಕಳಿಸಿದಳು, ಮನಸ್ಸು ಹಗುರಾಗಲಿ ಎಂದು. ಸಂತೆಯ ದಿನ. ಮಾಮಾ ಬೇವಿನ ಕೆಳಗೆ ಬೇರೆ ದಲ್ಲಾಳಿಗಳ ಜೊತೆ ಕೂತಿದ್ದ. ಎಮ್ಮೆ ಕರು ಹಾಕಿದೆ ಎಂದು ಮೊದಲು ಕಿವಿಯಲ್ಲಿ ಹೇಳಿದ. ಆಮೇಲೆ ಎಲ್ಲರೆದುರು, "ಏನಾತು ಪೋರಿ ನಿನ್ನ ಪರೀಕ್ಷಾ? ಎಷ್ಟು ಬಿತ್ತು?" ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅವನ ಹೆಗಲಿನ ಟಾವೆಲ್ ಎಳೆದು ಅವನ ಕೈ ಮೇಲೆ ಹಾಕಿ, ಒಳಗೆ ನನ್ನ ಕೈ ತೂರಿಸಿ, ಎರಡು ಬೆರಳು ಒತ್ತಿದೆ. ಅವನು ನನ್ನ ಮುಖ ನೋಡಿದ. ಯಾಕೆ ಎರಡು ಎಂದು ಅವನಿಗೆ ಹೇಳಬೇಕಾಗಿರಲಿಲ್ಲ.

"ಫಸ್ಟ್ ಕ್ಲಾಸ್!" ಎಂದು ಸಂತೆಗೆಲ್ಲ ಕೇಳುವಂತೆ ಕೂಗಿದ. "ನಮ್ಮ ಪೋರಿ ಫಸ್ಟ್ ಕ್ಲಾಸ್ ಬಂದಾಳ!"

ಬಾಯಲ್ಲಿ ಬಂದ ಅಂಕಿ ಟಾವೆಲ್ಲಿನ ಕೆಳಗಿನದಲ್ಲ ಎಂದು ಆ ದಲ್ಲಾಳಿಗಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ "ಭಾಳ ಚಲೋ ಆತು," ಎಂದು ತಲೆಯಾಡಿಸಿದರು, ಒಬ್ಬ ಚಹಕ್ಕೆ ಹೇಳಿದ. ನಾನು ಕೈ ತೆಗೆಯಲು ಹೋದೆ. ಮಾಮಾ ಬಿಡಲಿಲ್ಲ, ಚಹ ಬರುವವರೆಗೂ ಹಿಡಿದೇ ಇದ್ದ.